ಯಾವ ಜೈಲಿನಲ್ಲೂ ಸಿಗದ ಲಾರಿ ಡ್ರೈವರ್

ಸಿದ್ದಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಝೆರಾಕ್ಸ್, ಪಹಣಿ, ಆಧಾರ್ ತಿದ್ದುಪಡಿ, ಮಕ್ಕಳ ಪರೀಕ್ಷೆಯ ಫಲಿತಾಂಶ, ಹೀಗೆ ಕಂಪ್ಯೂಟರಿನಲ್ಲಿ ಸಿಗುವುದನ್ನೆಲ್ಲ ತೆಗೆದುಕೊಡುವುದು ನನ್ನ ಕೆಲಸ. ಹನ್ನೆರಡು ವರ್ಷದಿಂದ ಮಾಡುತ್ತಾ ಬಂದಿದ್ದೇನೆ. ಅಜ್ಜಂದಿರ ಕಾಲದ ಜಮೀನಿನ ಕಾಗದವನ್ನು ಹುಡುಕಿಕೊಟ್ಟದ್ದುಂಟು. ಹಾಗಾಗಿ ಸರ್ಕಾರದ ಪುಸ್ತಕದಲ್ಲಿ ಒಮ್ಮೆ ಬರೆದದ್ದು ಎಲ್ಲಾದರೂ ಇದ್ದೇ ಇರುತ್ತದೆ, ಎಲ್ಲಿ ಒತ್ತಬೇಕೆಂದು ಗೊತ್ತಿದ್ದರೆ ಸಾಕು ಎಂದು ನಂಬಿದ್ದೆ.

ಕಳೆದ ವರ್ಷ ಒಂದು ಬುಧವಾರ ಮಧ್ಯಾಹ್ನ ಕೋಲಸಿರ್ಸಿ ಕಡೆಯ ಒಬ್ಬಳು ಬಂದಳು. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಬ್ಯಾಂಕಿನ ಕಾಗದ, ರೇಷನ್ ಕಾರ್ಡು ಅಂತ ಆಗಾಗ ಬಂದು ಪರಿಚಯ. ಅಂಗಡಿಯಲ್ಲಿದ್ದ ಇನ್ನಿಬ್ಬರು ಹೋಗುವ ತನಕ ಸುಮ್ಮನೆ ನಿಂತಿದ್ದಳು. ಆಮೇಲೆ ಮೇಜಿನ ಹತ್ತಿರ ಬಂದು ಕೇಳಿದಳು.

"ಅಕ್ಕಾ, ನಮ್ಮನೆಯವ್ರು ಯಾವ ಜೈಲಲ್ಲಿದಾರೆ ಅಂತ ಇದ್ರಲ್ಲಿ ನೋಡೂಕೆ ಬರ್ತದಾ?"

ಗಂಡ ಲಾರಿ ಡ್ರೈವರ್. ಸೋಮವಾರ ಬೆಳಿಗ್ಗೆ ಯಲ್ಲಾಪುರದ ಹತ್ತಿರ ಮರದ ನಾಟಾ ತುಂಬಿದ ಲಾರಿಯನ್ನು ತಡೆದು ಅವನನ್ನು ಹಿಡಿದಿದ್ದರು. ಸಾಗಣೆಯ ಪಾಸಿನಲ್ಲಿ ಬರೆದದ್ದಕ್ಕೂ ಲಾರಿಯಲ್ಲಿ ಇದ್ದದ್ದಕ್ಕೂ ತಾಳೆಯಾಗಲಿಲ್ಲವಂತೆ. ಇಷ್ಟನ್ನು ಲಾರಿಯ ಮಾಲೀಕ ಫೋನಿನಲ್ಲಿ ಹೇಳಿ, "ವಕೀಲ್ರನ್ನ ಇಟ್ಟಿದೀನಿ, ಹೆದರ್ಬೇಡ" ಎಂದು ಫೋನ್ ಇಟ್ಟವನು ಮತ್ತೆ ಎತ್ತಿರಲಿಲ್ಲ. ಗಂಡನ ಫೋನು ಸ್ವಿಚ್ ಆಫ್.

"ಬರ್ತದೆ, ಕೂತ್ಕೋ" ಎಂದು ನಾನು ಧೈರ್ಯವಾಗಿಯೇ ಹೇಳಿದೆ.

ಅಲ್ಲಿಂದ ಶುರುವಾಯಿತು ನೋಡಿ. ಪೊಲೀಸರ ಪುಟದಲ್ಲಿ ಹುಡುಕಿದೆ, ಯಲ್ಲಾಪುರದ ಹೆಸರಿನಲ್ಲಿ ಅಂಥ ಕೇಸೇ ಇಲ್ಲ. ಜೈಲಿನವರ ಪುಟ ತೆಗೆದೆ. ಕೈದಿಯನ್ನು ಭೇಟಿ ಮಾಡಲು ಅರ್ಜಿ ಹಾಕಬಹುದು, ಆದರೆ ಮೊದಲು ಯಾವ ಜೈಲು ಎಂದು ಆರಿಸಬೇಕು. ಯಾವ ಜೈಲೆಂದು ಗೊತ್ತಿದ್ದರೆ ನಾನು ಯಾಕೆ ಹುಡುಕುತ್ತಿದ್ದೆ? ಪಟ್ಟಿಯಲ್ಲಿ ಕೇಂದ್ರ ಕಾರಾಗೃಹ, ಜಿಲ್ಲಾ ಕಾರಾಗೃಹ, ಉಪ ಕಾರಾಗೃಹ ಎಂದು ಸಾಲಾಗಿ ಹೆಸರುಗಳು. ಇವು ಮೂರೂ ಬೇರೆ ಬೇರೆ ಎಂಬುದೇ ನನಗೆ ಅಂದಿನ ತನಕ ಗೊತ್ತಿರಲಿಲ್ಲ. ಜೈಲು ಎಂದರೆ ಜೈಲು ಎಂದುಕೊಂಡಿದ್ದೆ.

ಊರಿನ ಠಾಣೆಗೆ ಫೋನ್ ಮಾಡಿದೆ. ಎತ್ತಿದವರು ಸಮಾಧಾನದಿಂದಲೇ ಹೇಳಿದರು. "ಅಮ್ಮಾ, ಮರದ ಕೇಸು ಅಂದ್ರೆ ಅದು ನಮ್ದಲ್ಲ. ಅರಣ್ಯದವ್ರೇ ಹಿಡೀತಾರೆ, ಅವ್ರೇ ಕೇಸ್ ಹಾಕ್ತಾರೆ. ಯಲ್ಲಾಪುರಕ್ಕೇ ಹೋಗಿ ಕೇಳಿ."

ಪೊಲೀಸರಲ್ಲದವರೂ ಮನುಷ್ಯನನ್ನು ಬಂಧಿಸಬಹುದು ಎಂದು ಐವತ್ತೆರಡನೆಯ ವಯಸ್ಸಿನಲ್ಲಿ ಕಲಿತೆ. ಅವಳ ಕಡೆ ತಿರುಗಿ ನೋಡಿದರೆ, ಅವಳು ಕಂಪ್ಯೂಟರಿನ ಪರದೆಯನ್ನು ಅಲ್ಲಿ ಗಂಡನೇ ಕೂತಿದ್ದಾನೆ ಎನ್ನುವಂತೆ ನೋಡುತ್ತಿದ್ದಳು. "ನಾಳೆ ನಾನೂ ಬರ್ತೇನೆ" ಅಂದುಬಿಟ್ಟೆ. ಯಾಕೆ ಅಂದೆನೋ ತಿಳಿಯದು. ಬರುತ್ತದೆ ಎಂದು ಹೇಳಿ ಬಾರದೆ ಹೋದದ್ದಕ್ಕೆ ನಾಚಿಕೆಯಾಗಿರಬೇಕು.

ಗುರುವಾರ ಬೆಳಿಗ್ಗೆ ಶಿರಸಿಗೆ ಹೋಗಿ ಅಲ್ಲಿಂದ ಯಲ್ಲಾಪುರದ ಬಸ್ಸು ಹಿಡಿದೆವು. ಹೆದ್ದಾರಿಯ ಬದಿಯಲ್ಲಿ ಸಾಲಾಗಿ ಲಾರಿಗಳು ನಿಂತಿದ್ದವು. ಅವಳು ಒಂದೊಂದರ ನಂಬರನ್ನೂ ಓದುತ್ತಿದ್ದಳು. ಅರಣ್ಯ ಇಲಾಖೆಯ ಕಚೇರಿಯಲ್ಲಿ ಒಬ್ಬ ಗುಮಾಸ್ತರು ನಮ್ಮನ್ನು ಕೂರಿಸಿ ಫೈಲು ನೋಡಿದರು.

"ಸೋಮವಾರವೇ ಕೋರ್ಟಿಗೆ ಹಾಜರು ಮಾಡಿ ಆಯ್ತಲ್ಲ. ನ್ಯಾಯಾಂಗ ಬಂಧನ ಆಗಿದೆ. ಈಗ ಅವ್ರು ನಮ್ಮ ಕೈಲಿಲ್ಲ."

"ಹಾಗಾದ್ರೆ ಯಾರ ಕೈಲಿದಾರೆ?" ಅವಳು ಕೇಳಿದಳು.

"ಕೋರ್ಟಿನ ಕೈಲಿ. ಅಂದ್ರೆ ಇಟ್ಕೊಂಡಿರೂದು ಜೈಲಿನವ್ರು. ಶಿರಸಿ ಸಬ್ ಜೈಲಿರ್ಬೇಕು. ಅಲ್ಲಿ ಜಾಗ ಇಲ್ದಿದ್ರೆ ಕಾರವಾರ." ಒಂದು ಚೀಟಿಯಲ್ಲಿ ಕೇಸಿನ ನಂಬರು ಬರೆದುಕೊಟ್ಟರು. ನಾನು ಅದನ್ನು ಪರ್ಸಿನಲ್ಲಿಟ್ಟುಕೊಂಡೆ.

ಮತ್ತೆ ಶಿರಸಿಗೆ ಬಂದಾಗ ಮೂರೂವರೆ. ಜೈಲಿನ ಬಾಗಿಲಲ್ಲಿದ್ದ ಪೇದೆಗೆ ಅವಳು ಗಂಡನ ಹೆಸರು ಹೇಳಿದಳು. ಆತ ಒಳಗೆ ಹೋಗಿ ಕೇಳಿಕೊಂಡು ಬಂದ.

"ಆ ಹೆಸರಿನವ್ರು ಇಲ್ಲಮ್ಮ."

"ಸರಿಯಾಗಿ ನೋಡಿದ್ರಾ? ಲಾರಿ ಡ್ರೈವರ್ರು, ಎತ್ತರಕ್ಕಿದಾರೆ."

"ಇವತ್ತು ಒಳಗಿರೂರ ಪಟ್ಟೀನೇ ನೋಡ್ದೆ. ಇಲ್ಲ."

ಶುಕ್ರವಾರ ಕಾರವಾರಕ್ಕೆ ಫೋನ್ ಮಾಡಿದೆ. ಅಲ್ಲಿಯೂ ಇಲ್ಲ. ಅವಳು ಶಾಲೆಯ ಅಡುಗೆ ಮುಗಿಸಿ ಬಂದು ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದಳು, ಐದರ ಬಸ್ಸಿಗೆ ವಾಪಸ್ಸು ಹೋಗುತ್ತಿದ್ದಳು. ಮನೆಯಲ್ಲಿ ಅತ್ತೆಗೆ ಏನು ಹೇಳುತ್ತಿದ್ದಾಳೆಂದು ನಾನು ಕೇಳಲಿಲ್ಲ. ಒಬ್ಬ ಮನುಷ್ಯನನ್ನು ಹಿಡಿದಿದ್ದಾರೆ, ಹಿಡಿದವರು ಒಪ್ಪುತ್ತಾರೆ, ಒಳಗೆ ಕಳಿಸಿದ್ದೇವೆ ಎನ್ನುತ್ತಾರೆ, ಆದರೆ ಯಾವ ಒಳಗೂ ಅವನಿಲ್ಲ. ನನಗೆ ತಲೆ ಕೆಟ್ಟಂತಾಗಿತ್ತು.

ಶನಿವಾರ ಆ ಚೀಟಿಯ ನೆನಪಾಗಿ ಕೋರ್ಟಿನ ಪುಟದಲ್ಲಿ ಕೇಸಿನ ನಂಬರು ಹಾಕಿದೆ. ಬಂತು! ಆರೋಪಿಯ ಹೆಸರು ಮಾತ್ರ ಬೇರೆ ಥರ ಇತ್ತು. ಮನೆಯಲ್ಲಿ ಕರೆಯುವ ಹೆಸರಿನ ಜಾಗದಲ್ಲಿ ಉದ್ದದ ಹೆಸರು, ಅದರ ಮುಂದೆ ಅಪ್ಪನ ಹೆಸರು. ಲೈಸೆನ್ಸಿನಲ್ಲಿ ಹಾಗೇ ಇದೆ ಎಂದು ಅವಳು ಹೇಳಿದಳು. ಕೆಳಗೆ ಶುಕ್ರವಾರದ ಆದೇಶ: ಜಾಮೀನು ಮಂಜೂರಾಗಿದೆ.

ಖುಷಿಯಿಂದ ಕೂಗಿಬಿಟ್ಟೆ. "ಬಿಟ್ಟಿದ್ದಾರೆ ಕಣೇ! ನಿನ್ನೆಯೇ ಬಿಟ್ಟಿದ್ದಾರೆ. ಅದಕ್ಕೇ ಯಾವ ಜೈಲಲ್ಲೂ ಇಲ್ಲ."

ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. "ನಿನ್ನೇನೇ ಬಿಟ್ರಾ?" ಎಂದು ಎರಡು ಸಲ ಕೇಳಿದಳು. "ಹಾಗಾದ್ರೆ ನಿನ್ನೆ ಸಂಜಿಗೇ ಮನೆಗೆ ಬರ್ಬೇಕಿತ್ತಲ್ಲಕ್ಕಾ?"

"ಇವತ್ತು ಬರ್ಬಹುದು" ಅಂದೆ.

ಭಾನುವಾರ ಬರಲಿಲ್ಲ. ಸೋಮವಾರವೂ ಬರಲಿಲ್ಲ. ಸೋಮವಾರ ಅವಳೂ ಅಂಗಡಿಗೆ ಬರಲಿಲ್ಲ. ಅವಳ ಊರಿನಿಂದ ಪಹಣಿಗೆ ಬಂದ ಹೆಂಗಸೊಬ್ಬಳು ಸುದ್ದಿ ಹೇಳಿದಳು. "ಜೈಲಿಂದ ಬಿಟ್ರೂ ಮನೆಗೆ ಬರ್ಲಿಲ್ಲಂತೆ ಅವ್ಳ ಗಂಡ. ಹುಬ್ಬಳ್ಳಿ ಕಡೆ ಇನ್ನೊಂದು ಮನೆ ಉಂಟು ಅಂತ ಮೊದ್ಲೇ ಜನ ಆಡ್ಕೊಳ್ತಿದ್ರು. ಕಂಪ್ಯೂಟರಲ್ಲೇ ಬಂದಿದೆಯಂತೆ, ಬಿಟ್ಟಿದಾರೆ ಅಂತ."

ಕಂಪ್ಯೂಟರಲ್ಲೇ ಬಂದಿದೆಯಂತೆ! ಹೇಳಿದವಳು ನಾನು. ಪರದೆಯಲ್ಲಿ ಇದ್ದದ್ದು ‘ಜಾಮೀನು ಮಂಜೂರು’ ಎಂದು. ‘ಬಿಡುಗಡೆ’ ಎಂಬ ಮಾತು ಅಲ್ಲಿ ಎಲ್ಲಾದರೂ ಇತ್ತೇ? ಮತ್ತೆ ತೆರೆದು ನೋಡಿದೆ. ಇರಲಿಲ್ಲ.

ಮನೆಯಲ್ಲಿ ನಮ್ಮನೆಯವರಿಗೆ ಹೇಳಿದಾಗ ಅವರು ನಮ್ಮ ಹವ್ಯಕ ಮಾತಿನಲ್ಲಿ ಸಿಡುಕಿದರು. "ಯಾರೋ ಎಲ್ಲಿಗೋ ಹೋದ್ರೆ ನಿಂಗೆಂತಕ್ಕೆ ಅದು? ಅಂಗಡಿ ಬಾಗ್ಲು ಹಾಕಿ ಜೈಲು ತಿರುಗ್ತಾ ಇದ್ಯಲೇ!"

"ಆನು ಹೇಳಿದ್ದಕ್ಕೇ ಆ ಹೆಂಗ್ಸು ಹಾಂಗೆ ತಿಳ್ಕಂಡಿದ್ದು. ಈಗ ಆನೇ ಹುಡ್ಕಿ ಕೊಡವು" ಎಂದೆ ನಾನು.

"ಯಾವ ಜೈಲಲ್ಲೂ ಇಲ್ಲೆ ಹೇಳಿ ಎಲ್ಲರೂ ಹೇಳ್ತಿದ್ದ. ಇನ್ನೆಲ್ಲಿ ಹುಡುಕ್ತೆ?"

ಆದರೂ ಮಂಗಳವಾರ ಒಬ್ಬಳೇ ಶಿರಸಿಗೆ ಹೋದೆ. ಕೋರ್ಟಿನ ಎದುರಿಗೆ ಮೇಜು ಹಾಕಿಕೊಂಡು ಟೈಪು ಮಾಡುವ ಹಿರಿಯರೊಬ್ಬರಿದ್ದಾರೆ. ಅವರ ಮುಂದೆ ಕೂತು ಮೊದಲಿನಿಂದ ಎಲ್ಲ ಹೇಳಿದೆ. ಅವರು ಕೆಲಸ ನಿಲ್ಲಿಸದೆಯೇ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಜೈಲಲ್ಲಿ ಎಂತ ಕೇಳಿದ್ರಿ ನೀವು? ‘ಇದಾನಾ’ ಅಂತ ಕೇಳಿದ್ರಾ, ‘ಇದ್ನಾ’ ಅಂತ ಕೇಳಿದ್ರಾ?"

‘ಇದಾನಾ’ ಅಂತಲೇ ಕೇಳಿದ್ದೆವು ಎಂದೆ.

"ಇದಾನಾ ಅಂದ್ರೆ ಇವತ್ತಿನ ಪಟ್ಟಿ ನೋಡ್ತಾರೆ, ಇಲ್ಲ ಅಂತಾರೆ. ಅದು ಸುಳ್ಳಲ್ಲ. ಬಂದಿದ್ನಾ ಅಂತ ಕೇಳಿ. ಲೈಸೆನ್ಸಿನ ಹೆಸರು ಹೇಳಿ ಕೇಳಿ."

ಜೈಲಿನ ಬಾಗಿಲಲ್ಲಿ ಅಂದು ಬೇರೆ ಪೇದೆ. ನಾನು ಉದ್ದದ ಹೆಸರು, ಅಪ್ಪನ ಹೆಸರು, ಕೇಸಿನ ನಂಬರು ಎಲ್ಲ ಹೇಳಿ, "ಹೋದ ಸೋಮವಾರ ಬಂದಿದ್ರಾ?" ಎಂದು ಕೇಳಿದೆ. ಅವರು ಒಳಗೆ ಹೋಗಿ ತುಸು ಹೊತ್ತು ಬಿಟ್ಟು ಬಂದರು.

"ಬಂದಿದ್ರು. ಸೋಮವಾರ ಬಂದು ಬುಧವಾರ ಹೋಗಿದಾರೆ. ಬೇರೆ ಕೋರ್ಟಿಂದ ವಾರಂಟ್ ಬಂತು, ಆ ಕಡೆ ಪೊಲೀಸ್ರು ಕರ್ಕೊಂಡು ಹೋದ್ರು." ಬಯಲುಸೀಮೆಯ ಕಡೆ, ಪಕ್ಕದ ಜಿಲ್ಲೆಯ ಒಂದು ಊರಿನ ಹೆಸರು ಹೇಳಿದರು. ಅಲ್ಲಿ ಆತನ ಮೇಲೆ ಹಳೆಯ ಕೇಸೊಂದಿತ್ತಂತೆ.

ಅಂದರೆ ನಾವು ಆ ಬಾಗಿಲಿಗೆ ಹೋಗುವ ಒಂದು ದಿನ ಮೊದಲು ಆತ ಅದೇ ಬಾಗಿಲಿನಿಂದ ಹೊರಗೆ ಹೋಗಿದ್ದ. ಮರದ ಕೇಸಿನಲ್ಲಿ ಶುಕ್ರವಾರ ಜಾಮೀನು ಸಿಗುವ ಹೊತ್ತಿಗೆ ಇನ್ನೊಂದು ಕೇಸಿನಲ್ಲಿ ಇನ್ನೊಂದು ಜಿಲ್ಲೆಯ ಜೈಲಿನಲ್ಲಿದ್ದ. ಒಬ್ಬನೇ ಮನುಷ್ಯ ಒಂದು ಪುಸ್ತಕದಲ್ಲಿ ಜಾಮೀನು ಸಿಕ್ಕವನು, ಇನ್ನೊಂದರಲ್ಲಿ ಕೈದಿ, ಮೂರನೆಯದರಲ್ಲಿ ಬಂದು ಹೋದವನು. ಅರ್ಥವಾಯಿತೆಂದು ತಲೆಯಾಡಿಸಿ ಹೊರಗೆ ಬಂದೆ. ಬಸ್ ಸ್ಟ್ಯಾಂಡಿಗೆ ನಡೆಯುವಷ್ಟರಲ್ಲಿ ಮತ್ತೆ ಅರ್ಥವಾಗಲಿಲ್ಲ.

ಸಿದ್ದಾಪುರದಲ್ಲಿ ಇಳಿದವಳು ಅಂಗಡಿಗೆ ಹೋಗದೆ ನೇರ ಅವಳ ಶಾಲೆಗೆ ಹೋದೆ. ಅಡುಗೆ ಕೋಣೆಯ ಹೊರಗೆ ದೊಡ್ಡ ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಆದರೆ ಹತ್ತಿರ ಬರಲಿಲ್ಲ.

"ನಾನು ಓದಿದ್ದು ತಪ್ಪು" ಅಂದೆ. "ಬಿಟ್ಟಿಲ್ಲ. ಒಳಗೇ ಇದ್ದಾರೆ. ಬೇರೆ ಊರಲ್ಲಿ, ಯಾವುದೋ ಹಳೇ ಕೇಸಿಗೆ."

ಗಂಡ ಜೈಲಿನಲ್ಲಿದ್ದಾನೆ ಎಂದು ಕೇಳಿ ಹೆಂಡತಿಯ ಮುಖ ಅರಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತಕ್ಷಣ ಬಾಡಿತು. "ಹಳೇ ಕೇಸಾ? ಎಂತ ಕೇಸು?" ಎಂದಳು. ನನಗೂ ಗೊತ್ತಿರಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಅತ್ತೆ ಹತ್ರ ಅವ್ರ ಬಗ್ಗೆ ಎಂತೆಂತದೋ ಹೇಳ್ಬಿಟ್ಟೆ ನಾನು" ಎಂದಳು.

ಗುರುವಾರ ಇಬ್ಬರೂ ಆ ಊರಿಗೆ ಹೋದೆವು. ಕಾಡು ಮುಗಿದು, ಹೊಲ ಶುರುವಾಗಿ, ಬಸ್ಸಿನೊಳಗಿನ ಮಾತೇ ಬದಲಾಗಿತ್ತು. ಜೈಲಿನ ಬಾಗಿಲಲ್ಲಿ ದಪ್ಪ ಮೀಸೆಯ ಪೇದೆಯೊಬ್ಬರು ಕುರ್ಚಿಯಲ್ಲಿ ಕೂತಿದ್ದರು. ನಾನು ಇದ್ದ ಹೆಸರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, "ಇದಾರಾ, ಇದ್ರಾ, ಬಂದಿದ್ರಾ?" ಎಂದು ಮೂರೂ ಕೇಳಿದೆ.

ಅವರು ನಕ್ಕರು. "ಅದಾನ್ರೀ. ಹ್ವಾದ ಬುಧವಾರ ಬಂದಾನ. ಬರ್ರಿ, ಕುಂದರ್ರಿ. ಆಧಾರ್ ಕಾರ್ಡ್ ತಂದೀರೇನು?"

ಅವಳಿಗೆ ಆ ಮಾತು ತಿಳಿಯಲಿಲ್ಲ. "ಎಂತಂದ್ರಕ್ಕಾ? ಇದಾರಾ?" ಎಂದು ನನ್ನ ತೋಳು ಹಿಡಿದಳು. ಇದ್ದಾರೆ ಎಂದೆ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಭೇಟಿಗೆ ಅವಳನ್ನು ಮಾತ್ರ ಒಳಗೆ ಬಿಟ್ಟರು. ಅಲ್ಲಿ ಆದದ್ದನ್ನು ವಾಪಸ್ಸು ಬರುವ ಬಸ್ಸಿನಲ್ಲಿ ಹೇಳಿದಳು. ಮದುವೆಗೆ ಮೊದಲು ಆತ ಆ ಊರಿನ ಹತ್ತಿರ ಲಾರಿಯಲ್ಲಿ ಒಂದು ಎತ್ತಿನ ಗಾಡಿಗೆ ಗುದ್ದಿದ್ದ. ಗಾಡಿಯಲ್ಲಿದ್ದವನ ಕಾಲು ಮುರಿದಿತ್ತು. ಒಂದೆರಡು ಸಲ ಕೋರ್ಟಿಗೆ ಹೋಗಿ, ಆಮೇಲೆ ಹೋಗುವುದನ್ನು ಬಿಟ್ಟಿದ್ದ. ಎಲ್ಲರೂ ಮರೆತಿರಬಹುದು ಎಂದುಕೊಂಡಿದ್ದ. ಹೆಂಡತಿಗೆ ಹೇಳಿರಲಿಲ್ಲ.

"ಯಾಕೆ ಹೇಳ್ಲಿಲ್ಲ ಅಂತ ಕೇಳ್ದೆ. ಹೇಳೂದು ಮರ್ತು ಹೋಯ್ತು ಅಂದ್ರು. ಕಾಲು ಮುರಿದಿದ್ದು ಮರ್ತು ಹೋಗ್ತದಾ ಅಕ್ಕಾ?"



ಅವಳ ಅಣ್ಣ ಪಹಣಿ ಕೊಟ್ಟು ಎರಡೂ ಕೇಸಿಗೆ ಜಾಮೀನು ನಿಂತ. ಇನ್ನೂ ಎಂಟು ಹತ್ತು ದಿನಕ್ಕೆ ಆತ ಮನೆಗೆ ಬಂದ. ಎರಡು ಕೇಸುಗಳೂ ಈಗಲೂ ನಡೆಯುತ್ತಿವೆ. ತಾರೀಖು ಬಂದಾಗಲೆಲ್ಲ ಹೆಂಡತಿಯೇ ಜೊತೆಯಲ್ಲಿ ಹೋಗುತ್ತಾಳೆ.

ಬಂದ ತಿಂಗಳೊಳಗೆ ಒಂದು ಸಂಜೆ ಆತ ಒಬ್ಬನೇ ಅಂಗಡಿಗೆ ಬಂದಿದ್ದ. ಆಧಾರಿನಲ್ಲೂ ಲೈಸೆನ್ಸಿನಲ್ಲೂ ಹೆಸರು ಒಂದೇ ಮಾಡಿಸಬೇಕಿತ್ತು. ಅವಳು ಹೇಳಿದ ಹಾಗೆ ಎತ್ತರದ, ಮೆಲ್ಲಗೆ ಮಾತಾಡುವ ಮನುಷ್ಯ. ಅರ್ಜಿ ತುಂಬಿ ಆದಮೇಲೂ ಆತ ಏಳಲಿಲ್ಲ.

"ಅಕ್ಕಾ, ಒಂದು ಮಾತು ಕೇಳ್ತೇನೆ. ನಾನು ಬಿಟ್ಟು ಹೋದೆ ಅಂತ ಅವ್ಳು ನಿಜವಾಗ್ಲೂ ನಂಬಿದ್ಲಾ?"

"ನಾನೇ ತಪ್ಪು ಓದಿ ಹೇಳಿದ್ದು" ಅಂದೆ.

"ನೀವು ಓದಿದ್ದು ಹೌದು. ಜಾಮೀನು ಆಗಿತ್ತು. ಅವ್ಳು ನಂಬಿದ್ಲಾ ಅಂತ ಕೇಳಿದ್ದು."

ಪಾತ್ರೆ ತಿಕ್ಕುತ್ತಿದ್ದವಳ ಮುಖ ಕಣ್ಣ ಮುಂದೆ ಬಂತು. ಮೂರು ದಿನ ನಂಬಿದ್ದಳು ಎಂದರೆ ಅದು ನಿಜ. ನಂಬಿರಲಿಲ್ಲ, ಹೆದರಿದ್ದಳು ಎಂದರೆ ಅದೂ ನಿಜ ಇರಬಹುದು. ಅಷ್ಟಕ್ಕೂ ಒಂದು ಕೇಸನ್ನೇ ಬಚ್ಚಿಟ್ಟವನಿಗೆ ಹಾಗೆ ಕೇಳುವ ಹಕ್ಕುಂಟೇ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಬೇಸರವೂ ಆಯಿತು.

"ಅವಳನ್ನೇ ಕೇಳಿ" ಅಂದೆ.

"ಕೇಳ್ದೆ. ಗೊತ್ತಿಲ್ಲ ಅಂತಾಳೆ" ಎಂದು ಆತ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಬಸ್ಸಿಗೆ ಹೋದ.