ಡಿಪೋದ ಹಿಂದಿನ ಅಂಗಳಕ್ಕೆ ಒಬ್ಬ ಮನುಷ್ಯ ಬೇಕಿತ್ತು

ನನ್ನ ತಮ್ಮನಿಗೆ ಬಸ್ ಡಿಪೋದಲ್ಲಿ ‘ಹಾರನ್’ ಎಂದು ಅಡ್ಡಹೆಸರು. ಅಷ್ಟು ಮಾತು. ಬಸ್ ಓಡಿಸುತ್ತಲೇ ಹಿಂದಿನ ಸೀಟಿನವರ ಮನೆವಾರ್ತೆಯನ್ನೆಲ್ಲ ಕೇಳಿ ತಿಳಿದುಕೊಳ್ಳುತ್ತಿದ್ದ. ಮನೆಗೆ ಬಂದರೆ ನನ್ನ ಹೊಲಿಗೆ ಮಷಿನ್ನಿನ ಸದ್ದನ್ನೂ ಮೀರಿಸುತ್ತಿದ್ದ. ಮದುವೆ ಮಾಡಿಕೊಳ್ಳೋ ಎಂದರೆ, “ಬರೋಳಿಗೂ ಒಂದೆರಡು ಮಾತಾಡೋಕೆ ಚಾನ್ಸ್ ಬೇಡ್ವಾ ಅಕ್ಕ? ಪಾಪ, ಯಾಕೆ?” ಎನ್ನುತ್ತಿದ್ದ. ಬಾಯಿ ಮುಚ್ಚೋ ಪುಣ್ಯಾತ್ಮ ಎಂದು ನಾನು ಬೈಯದ ದಿನವಿರಲಿಲ್ಲ.

ಆಮೇಲೆ ಒಂದು ಸಂಜೆ, ಸಾಲಾಗಿ ನಿಂತಿದ್ದ ಲಾರಿಗಳ ಮಧ್ಯೆ ಆಡುತ್ತಿದ್ದ ಹುಡುಗನೊಬ್ಬ ರಸ್ತೆಗೆ ಓಡಿ ಬಂದ. ಬಸ್ಸು ನನ್ನ ತಮ್ಮನ ಕೈಯಲ್ಲಿತ್ತು. ಹುಡುಗ ಉಳಿಯಲಿಲ್ಲ. ಪೊಲೀಸರು ವಿಚಾರಣೆ ಮಾಡಿದರು, ಡಿಪೋದವರು ಮಾಡಿದರು, ಇವನದು ತಪ್ಪಿಲ್ಲ ಎಂದು ಇಬ್ಬರೂ ಹೇಳಿದರು. ಇವನು ಮಾತ್ರ ಇನ್ನು ಸ್ಟೇರಿಂಗ್ ಮುಟ್ಟುವುದಿಲ್ಲ ಎಂದ. ಗೇಟು ಕಾಯುವ ಕೆಲಸಕ್ಕೆ ಹಾಕಿದರು.

ಅಲ್ಲಿಂದ ಮನೆಯಲ್ಲಿ ಒಂದು ಹ್ಞೂಂ, ಒಂದು ಊಹೂಂ, ಅಷ್ಟೇ. ಅಡುಗೆಗೆ ಉಪ್ಪು ಮರೆತರೂ ಉಂಡು ಏಳುತ್ತಿದ್ದ. ಒಮ್ಮೆ ಬೇಕಂತಲೇ ಹಿಡಿಗಟ್ಟಲೆ ಉಪ್ಪು ಸುರಿದೆ, ಬೈಯಲಿ ನೋಡೋಣ ಅಂತ. ತಿಂದು ತಟ್ಟೆ ತೊಳೆದಿಟ್ಟು ಹೋದ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಅಳಲಿ, ಕುಡಿಯಲಿ, ಯಾರ ಮೇಲಾದರೂ ರೇಗಲಿ, ಏನಾದರೂ ಮಾಡಬಾರದೆ? ಮಕ್ಕಳು ಎದುರಾದರೆ ಮಾತ್ರ ರಸ್ತೆ ದಾಟಿ ಆ ಬದಿಗೆ ಹೋಗಿಬಿಡುತ್ತಿದ್ದ. ನನ್ನ ಹೊಲಿಗೆ ಅಂಗಡಿ ಡಿಪೋ ಗೇಟಿನ ಎದುರಿಗೇ ಇದೆ, ಹಾಗಾಗಿ ದಿನವಿಡೀ ನನಗೆ ಇದೇ ನೋಟ.

ಆ ಹುಡುಗನ ತಾಯಿ ನಮ್ಮ ಬಡಾವಣೆಯ ಕ್ಲಿನಿಕ್ಕಿನ ನರ್ಸಮ್ಮ. ಮಗ ಹೋದ ಮೇಲೆ ಆಕೆ ಮೂಲೆ ಹಿಡಿದು ಕೂರಲಿಲ್ಲ. “ಆಡೋಕೆ ಜಾಗ ಇಲ್ದೇ ಇದ್ರೆ ಮಕ್ಕಳು ರಸ್ತೆಗೇ ಬರ್ತಾರೆ” ಎಂದು ಶಾಲೆಗೆ ಹೋದಳು, ಅಂಗಡಿಯವರ ಸಂಘಕ್ಕೆ ಹೋದಳು, ಡಿಪೋ ಮ್ಯಾನೇಜರ್ ಮುಂದೆ ಹೋಗಿ ನಿಂತಳು. ಶಾಲೆಯಲ್ಲಿ ಮೆಟ್ಟಿಲು ಬಿಟ್ಟರೆ ಬಯಲೆಂಬುದಿಲ್ಲ. ಖಾಲಿ ನೆಲ ಇದ್ದದ್ದು ಡಿಪೋದಲ್ಲಿ ಮಾತ್ರ. ಕೊನೆಗೆ ಶಾಲೆಯ ಹೆಡ್ ಮೇಡಂ, ಮ್ಯಾನೇಜರ್, ಅಂಗಡಿಯವರ ಪರವಾಗಿ ಹಾರ್ಡ್‌ವೇರ್ ಅಣ್ಣ ಮತ್ತು ನರ್ಸಮ್ಮ ಸೇರಿ ಒಂದು ಸಮಿತಿಯಾಯಿತು. ಸಭೆ ನನ್ನ ಅಂಗಡಿಯಲ್ಲಿ, ಯಾಕೆಂದರೆ ಗಿರಾಕಿಗಳಿಗೆಂದು ಹಾಕಿದ ಕುರ್ಚಿಗಳಿದ್ದವು. ಹೀಗೆ ಕತ್ತರಿ ಆಡಿಸುತ್ತ ನಾನೂ ಸಮಿತಿಯವಳಾದೆ.

ಅವರ ಮೊದಲ ತೀರ್ಮಾನ ಕೇಳಿದರೆ ನಗಬೇಕೋ ಅಳಬೇಕೋ. “ಬಸ್ಸೆಲ್ಲ ಹೊರಗೆ ಹೋದ್ಮೇಲೆ ಮುಂದಿನ ಅಂಗಳ ಖಾಲಿ. ಹತ್ತರಿಂದ ಮೂರರವರೆಗೆ ಧಾರಾಳವಾಗಿ ಆಡ್ಲಿ” ಎಂದರು ಮ್ಯಾನೇಜರ್. “ತುಂಬಾ ಸಂತೋಷ” ಎಂದರು ಹೆಡ್ ಮೇಡಂ. ಹಾರ್ಡ್‌ವೇರ್ ಅಣ್ಣ ಪೇಂಟ್ ಕೊಟ್ಟ, ಬಾಗಿಲಗಲದ ಬೋರ್ಡು ಬಂತು, ಚಪ್ಪಾಳೆಯೂ ಆಯಿತು. ಆ ಹೊತ್ತಿನಲ್ಲಿ ಮಕ್ಕಳೆಲ್ಲ ಇದೇ ಹೆಡ್ ಮೇಡಮ್ಮಿನ ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಿರುತ್ತಾರೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ ಬಿಡಿ. ಪ್ರತಿಯೊಬ್ಬರೂ ತಮ್ಮಲ್ಲಿ ಮಿಕ್ಕಿದ್ದನ್ನು ಕೊಡುವ ಹುಮ್ಮಸ್ಸಿನಲ್ಲಿದ್ದರು. ಅಂಗಳದಲ್ಲಿ ನಾಯಿಗಳು ಕಾಲು ಚಾಚಿ ಮಲಗಿದವು. ಮೂಗಿಗಿಂತ ಮೂಗುತಿ ಭಾರ ಎಂಬಂತೆ ಬೋರ್ಡೊಂದು ಎದ್ದು ಕಾಣುತ್ತಿತ್ತು.

ಮತ್ತೆ ಸಭೆ ಸೇರಿತು. “ಸಂಜೆ ಬೇಕು. ಶಾಲೆ ಬಿಟ್ಮೇಲೆ” ಎಂದಳು ನರ್ಸಮ್ಮ.

“ಸಂಜೆ ಬಸ್ಸುಗಳು ವಾಪಸ್ ಬರ್ತಾವಮ್ಮ, ಮುಂದಿನ ಅಂಗಳ ಆಗಲ್ಲ. ಹಿಂದಿನದು ಕೊಡಬಹುದು” ಎಂದು ಮ್ಯಾನೇಜರ್ ತಲೆ ಕೆರೆದುಕೊಂಡರು. “ಆದ್ರೆ ಅಲ್ಲಿ ರಿಪೇರಿ ಬಸ್ ನಿಂತಿರ್ತಾವೆ. ಡಿಪೋದ ಒಬ್ಬ ಮನುಷ್ಯ ಜೊತೇಲಿ ಇರ್ಲೇಬೇಕು. ಇಲ್ದಿದ್ರೆ ಮೇಲಿನೋರು ನನ್ನ ಚರ್ಮ ಸುಲೀತಾರೆ. ಆ ಹೊತ್ತಿಗೆ ಡ್ಯೂಟಿ ಮುಗ್ಸಿರೋನು ಅಂದ್ರೆ…”

ಅಲ್ಲಿಗೇ ನಿಲ್ಲಿಸಿದರು. ಎಲ್ಲರೂ ನನ್ನ ಮುಖ ನೋಡಿದರು. ಆ ಹೊತ್ತಿಗೆ ಕೆಲಸ ಮುಗಿಸುತ್ತಿದ್ದವನು ನನ್ನ ತಮ್ಮನೊಬ್ಬನೇ.

“ಗೊತ್ತು. ಅವರನ್ನೇ ಕೇಳಿ” ಎಂದಳು ನರ್ಸಮ್ಮ.

ಕರೆಸಿದರು. ಬಂದವನು ನನ್ನ ಅಂಗಡಿಯ ಹೊಸ್ತಿಲಲ್ಲಿ ನಿಂತು, ಆಕೆಯನ್ನು ಕಂಡು ಕಣ್ಣು ನೆಲಕ್ಕೆ ನೆಟ್ಟ. ಮ್ಯಾನೇಜರ್ ವಿಷಯ ಹೇಳಿ ಮುಗಿಸುವ ಮೊದಲೇ “ಆಗಲ್ಲ ಸಾರ್” ಎಂದು ಗೇಟಿಗೆ ಮರಳಿಬಿಟ್ಟ.

“ದೇವರು ವರ ಕೊಟ್ರೂ ಪೂಜಾರಿ ಕೊಡ ಅಂದಂಗಾಯ್ತು” ಎಂದ ಹಾರ್ಡ್‌ವೇರ್ ಅಣ್ಣ.

“ನಿಮ್ಮಂಗಡೀಲಿ ಒಳ್ಳೊಳ್ಳೆ ಬೀಗ ಇದಾವಲ್ಲ, ಒಂದು ಬಾಯಿಗೆ ಹಾಕ್ಕೊಳ್ಳಿ” ಎಂದೆ. ಆವತ್ತಿನ ಸಭೆ ಅಷ್ಟಕ್ಕೇ ಮುಗಿಯಿತು.

ಮನೆಯಲ್ಲಿ ಅವನ ಮೇಲೆ ಹರಿಹಾಯ್ದೆ. “ಹೆತ್ತವಳೇ ಬಂದು ಕೇಳ್ತಿದಾಳೆ ಕಣೋ! ನೀನು ಒಲ್ಲೆ ಅಂದ್ರೆ ಆ ಮಕ್ಕಳು ಮತ್ತೆ ಲಾರಿ ಮಧ್ಯಾನೇ ಆಡ್ಬೇಕು. ಆಮೇಲೆ ಇನ್ನೊಂದು ಮಗೂಗೆ ಏನಾದ್ರೂ ಆದ್ರೆ?”

“ಹ್ಞೂಂ.”

“ಹ್ಞೂಂ ಅಂದ್ರೆ ಏನರ್ಥ, ನಿನ್ನ ತಲೆ!”

“ಮಕ್ಕಳ ಹತ್ರ ನಾನು ಇರಬಾರದು ಅಕ್ಕ” ಎಂದ. ಎಷ್ಟೋ ಕಾಲದ ಮೇಲೆ ಅವನು ಆಡಿದ ಪೂರ್ತಿ ವಾಕ್ಯ ಅದು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಮರುದಿನ ನರ್ಸಮ್ಮ ಗೇಟಿನ ಬಳಿ ನಿಂತದ್ದು ಕಂಡಿತು. ಬೆರಳು ಹಿಡಿದು ಪಕ್ಕದಲ್ಲಿ ಅವಳ ಪುಟ್ಟ ಮಗಳು. ಏನಾಗುತ್ತದೋ ಎಂದು ಹೆದರಿ, ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿರುವಂತೆಯೇ ನಾನು ರಸ್ತೆ ದಾಟಿ ಓಡಿದೆ. ಆಕೆ ಅಳುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ಯಾವ ಮಾತ್ರೆ ಯಾವಾಗ ಎಂದು ರೋಗಿಗೆ ಹೇಳುವ ದನಿಯಲ್ಲಿ ಮಾತಾಡುತ್ತಿದ್ದಳು.

“ನಿಮ್ಮನ್ನ ಕ್ಷಮಿಸಿದೀನಿ ಅಂದ್ಕೋಬೇಡಿ. ಅದು ನಂಗೇ ಗೊತ್ತಿಲ್ಲ. ಆದ್ರೆ ಇವಳನ್ನ ಬೇರೆ ಯಾರ ಹತ್ರ ಬಿಟ್ರೂ ನಂಗೆ ಕೈಕಾಲು ಆಡಲ್ಲ. ಬೇರೆಯೋರು ಒಂದ್ಸಲ ಫೋನ್ ನೋಡ್ತಾರೆ, ಒಂದ್ಸಲ ಹರಟೆಗೆ ನಿಲ್ತಾರೆ. ನೀವು ಮಕ್ಕಳ ಮೇಲಿಂದ ಕಣ್ಣು ತೆಗೆಯಲ್ಲ. ಅದೊಂದು ನಂಗೆ ಗೊತ್ತು.”

ನನ್ನ ತಮ್ಮ ಗೇಟಿನ ಕಂಬಿ ಹಿಡಿದು ಹಿಂದಿನ ಅಂಗಳದ ಕಡೆ ತಿರುಗಿ ನೋಡಿದ.

“ಅಲ್ಲಿ ನಿಂತಿರೋ ಎಲ್ಲಾ ಬಸ್ಸಿನ ಕೀನೂ ನನ್ನ ಹತ್ರ ಇರಬೇಕು” ಎಂದ.

“ಇಟ್ಕೊಳ್ಳಿ.”

“ಎಷ್ಟು ಹೊತ್ತಿಗೆ ಕರ್ಕೊಂಡು ಹೋಗೋಕೆ ಬರ್ತೀರಿ?”

“ಆರೂವರೆಗೆ” ಎಂದು ಆಕೆ ಡ್ಯೂಟಿಗೆ ನಡೆದಳು.

ಹಿಂದಿನ ಅಂಗಳ ತೆರೆಯಿತು. ಈ ಸಲ ಬೋರ್ಡಿಲ್ಲ, ಚಪ್ಪಾಳೆಯೂ ಇಲ್ಲ. ಡಿಪೋದವರು ಸವೆದ ಟೈರು ಕೊಟ್ಟರು, ಹೆಡ್ ಮೇಡಂ ಸೀಮೆಸುಣ್ಣ ಕಳಿಸಿದರು, ಹಾರ್ಡ್‌ವೇರ್ ಅಣ್ಣ ಹಗ್ಗ ತಂದು ತಾನೇ ಜೋಕಾಲಿ ಕಟ್ಟಿದ. ಶಾಲೆ ಬಿಟ್ಟೊಡನೆ ಮಕ್ಕಳು ನೊಣದ ಹಾಗೆ ಮುತ್ತಿದರು. ರಿಪೇರಿಯವರು ಮಾತ್ರ ಗೊಣಗಿದರು. ಸಂಜೆ ಬಸ್ಸನ್ನು ಒಂದಡಿ ಸರಿಸಬೇಕೆಂದರೂ ಕೀ ಇಲ್ಲ, ಎಲ್ಲ ಇವನ ಪ್ಯಾಂಟಿನ ಜೇಬಿನಲ್ಲಿ. ಭಾರಕ್ಕೆ ಜೇಬು ಹರಿದು, ನಾನು ಒಳಗೆ ದಪ್ಪ ಬಟ್ಟೆ ಕೊಟ್ಟು ಹೊಲಿಯಬೇಕಾಯಿತು. ನಡೆದರೆ ಸದ್ದು. ಮಕ್ಕಳು ಅವನಿಗೆ ‘ಗಿಲಿಗಿಲಿ ಮಾಮ’ ಎಂದು ಹೆಸರಿಟ್ಟವು.

ಇನ್ನೇನು ಹಾರನ್ ಮತ್ತೆ ಕೂಗುತ್ತದೆ ಎಂದು ನಾನು ಆಸೆಪಟ್ಟೆ. ಕೂಗಲಿಲ್ಲ. ಗೋಡೆಗೆ ಒರಗಿ, ತುಟಿ ಅಲ್ಲಾಡಿಸುತ್ತ ತಲೆ ಎಣಿಸುತ್ತಿದ್ದ. ಮುಗಿದರೆ ಮತ್ತೆ ಮೊದಲಿನಿಂದ. ಯಾವ ಮಗು ಕರೆದರೂ ಹತ್ತಿರ ಹೋಗುತ್ತಿರಲಿಲ್ಲ. ಮನೆಗೆ ಬಂದರೆ ಅದೇ ಹ್ಞೂಂ.

ಒಂದು ಸಂಜೆ ಕ್ಲಿನಿಕ್ಕಿನಲ್ಲಿ ಜನ ಹೆಚ್ಚಾಗಿ ನರ್ಸಮ್ಮ ಬರುವುದು ತಡವಾಯಿತು. ಉಳಿದ ಮಕ್ಕಳೆಲ್ಲ ಮನೆ ಸೇರಿದ್ದವು. ಗೇಟಿನ ಬೆಂಚಿನ ಈ ತುದಿಗೆ ಇವನು, ಆ ತುದಿಗೆ ಕಾಲು ಆಡಿಸುತ್ತ ಆ ಹುಡುಗಿ. ನಾನು ಕಾಫಿ ಹಿಡಿದು ಹೋದಾಗ ಅವಳು ಕೇಳುತ್ತಿದ್ದಳು:

“ಮಾಮ, ನಮ್ಮಣ್ಣಂಗೆ ತಾಗಿದ್ದು ನಿಮ್ಮ ಬಸ್ಸಾ?”

ಮಾತು ಮರೆಸೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು, “ಹೂಂ ಮರಿ, ನನ್ನ ಬಸ್ಸೇ” ಎಂದುಬಿಟ್ಟ.

“ಅಣ್ಣ ಚೆಂಡು ಹಿಡಿಯೋಕೆ ಓಡಿದ್ನಂತೆ. ಸಿಕ್ತಾ ಅವನಿಗೆ?”

ಪೊಲೀಸರು ವೇಗ ಎಷ್ಟಿತ್ತು ಎಂದು ಕೇಳಿದ್ದರು. ಡಿಪೋದವರು ಬ್ರೇಕ್ ಯಾವಾಗ ಹಾಕಿದೆ ಎಂದು ಕೇಳಿದ್ದರು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

“ಸಿಕ್ತು” ಎಂದ ನನ್ನ ತಮ್ಮ. “ಎರಡೂ ಕೈಲಿ ಹಿಡ್ಕೊಂಡಿದ್ದ. ಎದೆಗೆ ಒತ್ಕೊಂಡು. ಹಿಡಿದೆ ಅಂತ ನಗ್ತಿದ್ದ.”

“ಅಮ್ಮಂಗೆ ಗೊತ್ತಾ?”

“ಇಲ್ಲ.”

“ಹೇಳ್ಲಾ?”

ಅಷ್ಟರಲ್ಲಿ ನರ್ಸಮ್ಮ ರಸ್ತೆಯ ಆ ಬದಿಗೆ ಬಂದಿದ್ದಳು. ಹುಡುಗಿ ಬೆಂಚಿನಿಂದ ಜಿಗಿದಳು. “ಓಡಬೇಡ, ತಾಳು” ಎಂದು ಅವನು ಗಬಕ್ಕನೆ ಅವಳ ಕೈ ಹಿಡಿದ. ಎರಡೂ ಕಡೆ ನೋಡಿ, ಒಂದು ಲಾರಿ ಹೋಗುವವರೆಗೆ ಕಾದು, ತಾನೇ ದಾಟಿಸಿದ. ಹುಡುಗಿ ತಾಯಿಯ ಸೆರಗು ಜಗ್ಗಿ ಬಗ್ಗಿಸಿಕೊಂಡು ಕಿವಿಯಲ್ಲಿ ಹೇಳಿದಳು.

ನರ್ಸಮ್ಮ ತಲೆಯೆತ್ತಿ ನನ್ನ ತಮ್ಮನನ್ನು ನೋಡಿದಳು. “ನಗ್ತಿದ್ನಾ?” ಎಂದಳು.

ಅವನು ಹೌದೆಂದು ತಲೆಯಾಡಿಸಿದ. ಆಕೆ ಬ್ಯಾಗನ್ನೂ ಇಳಿಸದೆ ಅಲ್ಲೇ ಫುಟ್‌ಪಾತಿನ ಮೇಲೆ ಕೂತುಬಿಟ್ಟಳು. ನನ್ನ ತಮ್ಮ ಮಗುವಿನ ಕೈ ಬಿಡದೆ ಪಕ್ಕದಲ್ಲಿ ನಿಂತಿದ್ದ. ಅವನ ಗದ್ದ ನಡುಗುತ್ತಿದ್ದದ್ದು ರಸ್ತೆಯ ಈ ಕಡೆಯಿಂದಲೇ ನನಗೆ ಕಾಣುತ್ತಿತ್ತು.