ಸೋರುವ ನೀರು ಕೆಳಗಿನವರದ್ದು

ಹುಣಸೆಹುಳಿ, ಬೂದಿ ಹಾಕಿ ಬಚ್ಚಲಿನ ತಾಮ್ರದ ಹಂಡೆ ತಿಕ್ಕುತ್ತಿದ್ದೆ. ಬರುವ ಭಾನುವಾರ ಮಗಳನ್ನು ಹೆರಿಗೆಗೆ ಕರೆತರುವುದೆಂದು ನಿಶ್ಚಯವಾಗಿತ್ತು. ಏಪ್ರಿಲ್ ನಡುವಿನ ಬಿಸು ಹಬ್ಬದ ಸುಮಾರಿಗೆ ಹೆರಿಗೆಯ ದಿನ. ಬಾಣಂತಿಯ ಸ್ನಾನವೆಂದರೆ ನಮ್ಮಲ್ಲಿ ದಿನಕ್ಕೆ ಎರಡು ಹಂಡೆ ಬಿಸಿನೀರು, ಅದೂ ನಲವತ್ತು ದಿನ. ಮಗುವಿನ ಬಟ್ಟೆಗೆ ಬೇರೆ. ಹಾಗಾಗಿ ಬೆಳಿಗ್ಗೆ ದೀಪ ಹಚ್ಚುವಾಗಲೂ ನನ್ನ ಮನಸ್ಸು ಬಾವಿಯ ಮೇಲೆಯೇ.

ಆಚೆಮನೆಯ ಓರಗಿತ್ತಿ ಅಂಗಳದ ಆಚೆಯಿಂದಲೇ ಕೂಗಿದಳು. "ಅಕ್ಕಾ, ಅಣೆಕಟ್ಟಿನ ಹಲಗೆ ಎತ್ತಿದ್ದಾರೆ! ನೀರು ಪೂರಾ ಹೋಯ್ತು!"

ಕೈಯ ಬೂದಿ ತೊಳೆಯದೆಯೇ ಓಡಿದೆ.

ನಮ್ಮ ತೋಡಿಗೆ, ಅಂದರೆ ಮನೆಗಳ ಕೆಳಗೆ ಹರಿಯುವ ಸಣ್ಣ ಹಳ್ಳಕ್ಕೆ, ಸರ್ಕಾರದವರು ಕಟ್ಟಿಸಿದ ಕಿಂಡಿ ಅಣೆಕಟ್ಟು ಅದು. ಮಳೆ ಕಳೆದ ಮೇಲೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿದರೆ ನೀರು ನಿಲ್ಲುತ್ತದೆ. ತೋಡಿನಲ್ಲಿ ನಿಂತರೆ ಮೇಲ್ಬದಿಯ ನಮ್ಮ ಐದು ಮನೆಗಳ ಬಾವಿಯಲ್ಲೂ ನಿಲ್ಲುತ್ತದೆ. ಹೋದ ವರ್ಷ ಅವರು ಇಡಲಿ, ಇವರು ಇಡಲಿ ಎಂದು ಯಾರೂ ಹಲಗೆ ಇಡಲಿಲ್ಲ. ಶಿವರಾತ್ರಿಗೇ ಬಾವಿಯ ತಳದ ಕಲ್ಲು ಕಂಡಿತ್ತು. ಈ ವರ್ಷ ಐದು ಮನೆಯವರೂ ಶಾಲೆಯ ಜಗಲಿಯಲ್ಲಿ ಸಭೆ ಸೇರಿ, ಸಂಘ ಮಾಡಿ, ಮನೆಗೊಬ್ಬರಂತೆ ನಿಂತು ಹಲಗೆ ಇಳಿಸಿದ್ದರು. ಒಂದು ತೊಟ್ಟೂ ಹೊರಗೆ ಹೋಗದ ಹಾಗೆ ಮಣ್ಣು ಜಡಿದಿದ್ದರು.

ಹೋಗಿ ನೋಡಿದರೆ ನಡುವಿನ ಕಿಂಡಿ ಬಾಯಿ ತೆರೆದು ನಿಂತಿತ್ತು. ತೋಡಿನ ತಳದ ಕೆಸರಿನಲ್ಲಿ ಸಣ್ಣ ಮೀನುಗಳು ಹೊರಳುತ್ತಿದ್ದವು. ಅಣೆಕಟ್ಟಿನ ಕೆಳಗಿನ ಮನೆಯ ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ, ಮೊಣಕಾಲಿನ ತನಕ ಕೆಸರು ಮಾಡಿಕೊಂಡು ದಡದಲ್ಲಿ ಕೂತಿದ್ದರು. ಅವರ ಇಬ್ಬರು ಗಂಡುಮಕ್ಕಳು ತೇಲಿಹೋದ ಹಲಗೆ ಹುಡುಕುತ್ತಿದ್ದರು. ತೋಡಿನ ಬದಿಯ ಗದ್ದೆಯಲ್ಲಿ ಸೌತೆ, ಅಲಸಂಡೆ ಬೆಳೆದು ಮೂಡುಬಿದಿರೆ ಪೇಟೆಗೆ ಕೊಡುವ ಮನೆ ಅವರದ್ದು.

ನಮ್ಮ ಯಜಮಾನರು ಆಗಲೇ ಬಂದು ಬೊಬ್ಬೆ ಹಾಕುತ್ತಿದ್ದರು. "ಇದು ಸರ್ಕಾರದ ಸೊತ್ತು. ನಾನು ಪೊಲೀಸರಿಗೆ ಹೇಳ್ತೇನೆ."

"ಹೇಳು ಮಾರಾಯ," ಎಂದರು ದೊಡ್ಡಮ್ಮ. "ಅವರು ಬರುವಾಗ ಎರಡು ಕೊಡ ನೀರು ತರ್ಲಿಕ್ಕೂ ಹೇಳು. ನನ್ನ ಸೌತೆಬಳ್ಳಿಗೆ ಆಗ್ತದೆ."

"ಹೇಳದೆ ಕೇಳದೆ ಎತ್ತುವುದಾ ದೊಡ್ಡಮ್ಮ?"

"ಹಲಗೆ ಇಡುವಾಗ ನೀವು ಹೇಳಿದ್ರಾ? ಸಭೆಗೆ ನಮ್ಮನ್ನು ಕರೆದವರು ಯಾರು? ಎರಡೇ ಹಲಗೆ ಎತ್ತುವ ಅಂತ ಬಂದದ್ದು. ಮಣ್ಣು ಕುಸಿಯಿತು. ಉಳಿದದ್ದನ್ನು ನೀರೇ ಕೊಂಡುಹೋಯ್ತು. ನನಗೂ ಸಿಗ್ಲಿಲ್ಲ. ಅರ್ಧ ಗದ್ದೆ ಕೊಚ್ಚಿ ಹೊಳೆ ಸೇರಿತು."

ಮತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ನಿನ್ನ ಅತ್ತೆ ಇರುವಾಗ ಹೀಗೆ ಇರ್ಲಿಲ್ಲ ಮಗಾ. ಕಲ್ಲಿನ ಕಟ್ಟ ಸೋರ್ತಾ ಇತ್ತು. ಆ ಸೋರಿದ್ದರಲ್ಲೇ ನಮ್ಮ ಬದುಕು."

ನಾನು ತಲೆ ತಗ್ಗಿಸಿದೆ. ನನಗೆ ಗೊತ್ತಿದ್ದ ವಿಷಯವೇ ಅದು. ಅಣೆಕಟ್ಟು ಬರುವ ಮೊದಲು ಅಲ್ಲಿ ವರ್ಷವರ್ಷವೂ ಕಲ್ಲು, ಸೊಪ್ಪು, ಮಣ್ಣಿನ ಕಟ್ಟ ಹಾಕುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಬ್ಬ ಆಳು ಸೋರುವ ಕಡೆಗೆ ಮಣ್ಣು ಮೆತ್ತಲು ಹೋದಾಗ ಅತ್ತೆ ತಡೆದಿದ್ದರು. "ಅದು ಬೇಡ. ಸೋರುವ ನೀರು ಕೆಳಗಿನವರದ್ದು." ಯಾವ ಪುಸ್ತಕದಲ್ಲೂ ಬರೆದಿಟ್ಟ ಕಾನೂನಲ್ಲ. ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಕಟ್ಟ ತಾನಾಗಿಯೇ ಸೋರುತ್ತಿತ್ತು, ಅವರ ಪಾಲು ತಾನಾಗಿಯೇ ಹೋಗುತ್ತಿತ್ತು.

ಈ ವರ್ಷ ಹಲಗೆ ಇಳಿಸಿದ ದಿನ ಅವಲಕ್ಕಿ, ಚಹಾ ಹೊತ್ತುಕೊಂಡು ಹೋದವಳು ನಾನೇ. ಎಲ್ಲರೂ ತಿನ್ನುತ್ತಾ ಕೂತಿದ್ದಾಗ ಹಲಗೆಯ ಸಂದಿಯಲ್ಲಿ ಬೆರಳಿನಷ್ಟು ನೀರು ಹರಿಯುವುದು ಕಂಡಿತು. "ಇಲ್ಲಿ ಸೋರ್ತದೆ ನೋಡಿ," ಎಂದು ಬೆರಳು ತೋರಿಸಿದೆ. ಒಬ್ಬರು ಎದ್ದು ಹೋಗಿ ಮಣ್ಣು ಮೆತ್ತಿದರು. ಆ ಹೊತ್ತಿಗೆ ನನ್ನ ಕಣ್ಣಿಗೆ ಕಂಡದ್ದು ಮಗಳ ಬಾಣಂತನ ಮಾತ್ರ. ಅತ್ತೆಯ ಮಾತು ನೆನಪಿಗೇ ಬರಲಿಲ್ಲ. ಇದನ್ನು ದೇವರ ಮುಂದೆ ಹೇಳಿಕೊಂಡಿದ್ದೇನೆ. ದೊಡ್ಡಮ್ಮನ ಮುಂದೆ ಹೇಳಲು ಅಂದು ಬಾಯಿ ಬರಲಿಲ್ಲ.

ಯಜಮಾನರು ಪೊಲೀಸರ ಮಾತು ಬಿಟ್ಟರು. ಮತ್ತೆ ಪಂಚೆ ಎತ್ತಿಕಟ್ಟಿ ತೋಡಿಗಿಳಿದು, ಆ ಇಬ್ಬರ ಜೊತೆ ಹಲಗೆ ಹೆಕ್ಕತೊಡಗಿದರು. ಅರ್ಧದಷ್ಟು ಸಿಕ್ಕಿದವು. ಈ ಸಲ ಕೆಳಗಿನವರಿಗೆ ಸಂದಿ ಬಿಟ್ಟು ಇಡುವ ಎಂದರು, ಅವರೂ ಹೂಂ ಎಂದರು. ಆದರೆ ಮಾಘ ಮಾಸದ ತೋಡು, ಬರುವ ನೀರೇ ಕೈಬೆರಳಿನಷ್ಟು. ಮೊಣಕಾಲುದ್ದ ನಿಂತರೆ ಹೆಚ್ಚು. ಅದು ಬಾವಿಯ ತನಕ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಮನೆಗೆ ಬಂದು ಬಾವಿಗೆ ಬಗ್ಗಿ ನೋಡಿದೆ. ನೀರು ಇನ್ನೂ ಮೇಲೆಯೇ ಇತ್ತು, ಏನೂ ಆಗದ ಹಾಗೆ. ಶಿವರಾತ್ರಿಗೆ ಎಲ್ಲಿರುತ್ತದೆಂದು ಹೋದ ವರ್ಷ ನೋಡಿದವಳು ನಾನು. ವಿಟ್ಲಕ್ಕೆ, ಮಗಳ ಅತ್ತೆಗೆ ಫೋನು ಮಾಡಿ ಇದ್ದದ್ದನ್ನು ಹೇಳಿದೆ.

"ಅಯ್ಯೋ, ನೀವು ಬೇಜಾರು ಮಾಡ್ಬೇಡಿ," ಎಂದರು ಆಕೆ. "ನಮ್ಮಲ್ಲಿ ಬೋರಿನ ನೀರುಂಟು. ಹೆರಿಗೆ, ಬಾಣಂತನ ಇಲ್ಲೇ ಆಗ್ಲಿ. ನೀವು ಬಂದು ಹತ್ತು ದಿನ ನಿಲ್ಲಿ."

ಒಳ್ಳೆಯ ಹೆಂಗಸು. ಅಷ್ಟಾದರೂ ದೇವರು ಕೊಟ್ಟಿದ್ದಾನೆ. ಆದರೆ ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆಯಲಾಗದ ತಾಯಿ ಅಲ್ಲಿ ಹೋಗಿ ನೆಂಟರ ಹಾಗೆ ಕೂರಬೇಕು.

ಮಗಳು ಫೋನು ತೆಗೆದುಕೊಂಡಳು. ಅವಳಿಗಿನ್ನೂ ಯಾರೂ ಹೇಳಿರಲಿಲ್ಲ. "ಅಮ್ಮಾ, ಹಂಡೆ ತಿಕ್ಕಿ ಆಯ್ತಾ?"

"ಅರ್ಧ ಆಯ್ತು," ಎಂದೆ. ಉಳಿದದ್ದನ್ನು ನಾನೇ ಹೇಳಿದೆ. ಅವಳು ಆಯ್ತಮ್ಮಾ ಎಂದಳು.

ಬಚ್ಚಲಿಗೆ ಹೋಗಿ ನೋಡಿದರೆ ಹಂಡೆಗೆ ಹಚ್ಚಿದ ಹುಳಿ ಒಣಗಿ ಕಪ್ಪಾಗಿತ್ತು. ತೊಳೆಯಬೇಕಾದರೆ ನಾಲ್ಕು ಕೊಡ ನೀರು ಬೇಕು. ಹಾಗೆಯೇ ಬಿಟ್ಟೆ. ಗಂಜಿಗೆ ಹೊತ್ತಾಗಿತ್ತು. ಯಾವಾಗಲೂ ಮೂರು ನೀರಿನಲ್ಲಿ ತೊಳೆಯುವ ಕುಚ್ಚಲಕ್ಕಿಯನ್ನು ಎರಡೇ ನೀರಿನಲ್ಲಿ ತೊಳೆದು, ಆ ನೀರನ್ನು ಬಸಳೆಯ ಬುಡಕ್ಕೆ ಚೆಲ್ಲಿ, ಅಕ್ಕಿ ಒಲೆಗಿಟ್ಟೆ.