ಅರ್ಧ ಬಾಟಲಿ ಎಣ್ಣೆ

ಮೊದಲು ಕ್ಷಮೆ ಕೇಳಬೇಕು. ಇದನ್ನು ಬರೆದವಳ ಅಕ್ಷರ ಕೋಳಿ ಕೆದಕಿದ ಹಾಗಿದೆ. ಒಂಬತ್ತನೇ ತರಗತಿಯಲ್ಲೇ ಶಾಲೆ ಬಿಟ್ಟವಳು, ಪದಗಳೂ ಕಡಿಮೆ. ಆದರೆ ನಡೆದದ್ದನ್ನು ನಡೆದ ಹಾಗೆಯೇ ಬರೆದಿದ್ದಾಳೆ, ತನ್ನ ತಪ್ಪನ್ನು ಮುಚ್ಚಿಟ್ಟಿಲ್ಲ.

ಅವಳನ್ನು ಮನೆಯಲ್ಲಿ ಇಲಿಮರಿ ಎನ್ನುತ್ತಾರೆ. ಯಾರಾದರೂ ಬಂದರೆ ಬಾಗಿಲ ಹಿಂದೆ ಸೇರಿಕೊಳ್ಳುತ್ತಾಳೆ, ಅದಕ್ಕೆ. ಇರುವುದು ಸೋದರತ್ತೆಯ ಜೊತೆ. ಅತ್ತೆ ದರ್ಜಿ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೊಳೆಗಳಿಗೆ ತೂಗುಹಾಕಿದ ಕಾಗದದ ಅಳತೆಗಳು. ಇಪ್ಪತ್ತು ವರ್ಷದಿಂದ ಅತ್ತೆ ಆಸ್ಪತ್ರೆಗೆ ಬಿಳಿ ಕೋಟು ಹೊಲಿಯುತ್ತಿದ್ದಾಳೆ. ಮೊದಮೊದಲು ಕೋಟಿನ ಗಂಟು ಹೊತ್ತು ಬಸ್ಸು ಹತ್ತುತ್ತಿದ್ದಳು. "ಏನಮ್ಮ, ಮನೆ ಖಾಲಿ ಮಾಡ್ತಿದ್ದೀಯಾ?" ಎಂದು ಕಂಡಕ್ಟರ್ ದಿನಾ ಕೇಳುತ್ತಿದ್ದ. ರೋಸಿಹೋಗಿ, ನಲವತ್ತೊಂದನೇ ವಯಸ್ಸಿನಲ್ಲಿ ಹಳೆಯ ಮೋಟಾರ್ ಸೈಕಲ್ ಕೊಂಡಳು. ಮೈದಾನದಲ್ಲಿ ಹನ್ನೊಂದು ಸಲ ಬಿದ್ದು ಕಲಿತಳು. ಈ ಹನ್ನೊಂದನ್ನು ಅವಳೇ ಎಲ್ಲರಿಗೂ ಹೇಳುತ್ತಾಳೆ, ಬಹುಮಾನ ಬಂದ ಹಾಗೆ. ಕೊನೆಯ ಸಲ ಬಿದ್ದಾಗ ಬಲಗಾಲಿನ ಗಿಣ್ಣು ಮುರಿದು ಓರೆಯಾಗಿ ಕೂಡಿಕೊಂಡಿತು. ಅಂದಿನಿಂದ ಕಾಲಿನ ಬ್ರೇಕ್ ಒತ್ತಲು ಅವಳಿಗಾಗದು. ಕೈಯಲ್ಲಿ ಹಿಡಿಯುವ ಮುಂದಿನ ಚಕ್ರದ ಬ್ರೇಕೇ ಗತಿ.

ಆ ಬ್ರೇಕಿನ ಹಿಡಿಕೆಯೇ ಅಂಟಿಕೊಳ್ಳತೊಡಗಿತು. ಒತ್ತಿದರೆ ಒತ್ತಿದಲ್ಲೇ ನಿಲ್ಲುತ್ತಿತ್ತು, ಬೆರಳಿನಿಂದ ತಳ್ಳಿದರೆ ಮಾತ್ರ ವಾಪಸು.

"ಮುನಿಸಿಕೊಂಡ ಸೊಸೆ ಥರ ಆಗಿದೆ, ಹೋದ್ರೆ ಬರಲ್ಲ," ಎಂದಳು ಅತ್ತೆ. "ಮೆಕ್ಯಾನಿಕ್‌ಗೆ ಕೊಟ್ರೆ ಎರಡು ದಿನ ಇಟ್ಕೋತಾನೆ. ನಾಳೆ ಕೋಟು ಕೊಡ್ಬೇಕಲ್ಲ."

"ನಾನು ನೋಡ್ಲಾ ಅತ್ತೆ?"

"ನೋಡು. ಮೆಷಿನ್ನು ಬಿಚ್ಚಿ ಕಟ್ಟೋಳು ನೀನೇ ತಾನೆ. ಇದಕ್ಕೂ ಎರಡು ಚಕ್ರ, ಅದಕ್ಕೂ ಎರಡು ಚಕ್ರ."

ಸಂಜೆ ಇಲಿಮರಿ ಹಿಡಿಕೆಯ ಬೋಲ್ಟು ಬಿಚ್ಚಿ, ಬಿಚ್ಚಿದ ಒಂದೊಂದನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಬೋಲ್ಟಿಗೆ ತುಕ್ಕು, ಧೂಳು, ಹಳೇ ಜಿಡ್ಡು. ಸೀಮೆಎಣ್ಣೆಯ ಚಿಂದಿಯಿಂದ ಉಜ್ಜಿ, ಒಂದು ತೊಟ್ಟು ಮೆಷಿನ್ನೆಣ್ಣೆ ಬಿಟ್ಟು ಕೂಡಿಸಿದಳು. ಹಿಡಿಕೆ ಟಪ್ಪೆಂದು ಹಿಂದಕ್ಕೆ ಹಾರಿತು.

ಅಲ್ಲಿಗೆ ಬಿಟ್ಟಿದ್ದರೆ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೆ ದರ್ಜಿಯ ಮನೆಯಲ್ಲಿ ಮೆಷಿನ್ನೆಣ್ಣೆಯೇ ಸರ್ವರೋಗಕ್ಕೂ ಮದ್ದು. ಕತ್ತರಿಗೆ ಅದೇ, ಬಾಗಿಲಿಗೆ ಅದೇ, ಒಮ್ಮೆ ಅತ್ತೆಯ ಮಂಡಿಗೂ ಅದೇ. ಹಿಡಿಕೆಯಿಂದ ಚಕ್ರದವರೆಗೆ ಕಪ್ಪು ಕೊಳವೆಯೊಳಗೆ ತಂತಿಯ ಕೇಬಲ್ ಇಳಿಯುತ್ತದೆ. ಒಂದು ತೊಟ್ಟಿಗೇ ಇಷ್ಟು ಗುಣವಾದರೆ ಕೇಬಲ್ಲಿಗೂ ಇರಲಿ ಎಂದುಕೊಂಡು, ಪ್ಲಾಸ್ಟಿಕ್ ಚೀಲದಿಂದ ಲಾಳಿಕೆ ಮಾಡಿ ಕೊಳವೆಯ ಬಾಯಿಗೆ ಕಟ್ಟಿ, ಅರ್ಧ ಬಾಟಲಿ ಸುರಿದಳು.

ಬೆಳಿಗ್ಗೆ ಅತ್ತೆ ಹಿಡಿಕೆ ಒತ್ತಿ ನೋಡಿದಳು. "ಬೆಣ್ಣೆ ಕಣೇ, ಬೆಣ್ಣೆ!" ಎಂದು ಗಂಟು ಬಿಗಿದು ಹೊರಟಳು.

ಇಲಿಮರಿ ಪೊರಕೆ ತಂದಳು. ಮುಂದಿನ ಚಕ್ರ ನಿಂತಿದ್ದ ಜಾಗದಲ್ಲಿ ಅಂಗೈಯಗಲ ಒದ್ದೆ. ಮುಟ್ಟಿದಳು. ಎಣ್ಣೆ.

ಮೆಷಿನ್ನಿನ ಬೆಲ್ಟಿಗೆ ಎಣ್ಣೆ ತಾಗಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಎಷ್ಟು ತುಳಿದರೂ ಬೆಲ್ಟು ಜಾರುತ್ತದೆ, ಚಕ್ರವನ್ನು ಹಿಡಿಯುವುದಿಲ್ಲ. ಕೇಬಲ್ ಮುಗಿಯುವುದು ಚಕ್ರದ ನಡುವಿರುವ ಬ್ರೇಕಿನ ಡಬ್ಬಿಯ ಹತ್ತಿರ. ರಾತ್ರಿಯೆಲ್ಲ ಇಳಿದ ಎಣ್ಣೆ ಅದರ ಸಂದಿಯಲ್ಲಿ ಒಳಗೂ ಹೋಗಿರಬೇಕು. ಚಕ್ರವನ್ನು ಹಿಡಿದು ನಿಲ್ಲಿಸುವ ಪಟ್ಟಿಗಳು ಇರುವುದು ಅಲ್ಲೇ.

ಫೋನ್ ಮಾಡಿದಳು. ಅತ್ತೆಯ ಫೋನು ಇಸ್ತ್ರಿ ಮೇಜಿನ ಮೇಲೆ, ಬಟ್ಟೆಯ ಕೆಳಗೆ ರಿಂಗಾಯಿತು.

ಆಸ್ಪತ್ರೆಯ ದಾರಿ ನಾಲ್ಕು ಗಲ್ಲಿ ಸುತ್ತಿ ಕಡಿದಾದ ಇಳಿಜಾರಿಗೆ ಬೀಳುತ್ತದೆ. ಇಳಿಜಾರಿನ ಬುಡದಲ್ಲಿ ಲಾರಿಗಳ ರಸ್ತೆ. ಗಲ್ಲಿಗಳಲ್ಲಿ ಅತ್ತೆ ಮೆಲ್ಲಗೆ ಹೋಗುತ್ತಾಳೆ, ಬ್ರೇಕ್ ಬೇಕಾಗುವುದೇ ಇಳಿಜಾರಿನಲ್ಲಿ. ಮನೆಗಳ ನಡುವಿನ ಮೆಟ್ಟಿಲಲ್ಲಿ ಇಳಿದರೆ ಇಳಿಜಾರಿನ ಅರ್ಧಕ್ಕೆ ಸೇರಬಹುದು.

ಓಡಿದಳು. ಒಂದು ಚಪ್ಪಲಿ ಎಲ್ಲೋ ಕಳಚಿತು. ಮೆಟ್ಟಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸು, "ಯಾಕೇ, ನಾಯಿ ಅಟ್ಟಿಸ್ಕೊಂಡು ಬಂತಾ?" ಎಂದಳು. ಇಲಿಮರಿ ಪಾತ್ರೆಗಳನ್ನು ಹಾರಿ ಇಳಿದಳು. ತಲೆಯೊಳಗೆ ಒಂದೇ ಮಾತು ಸುತ್ತುತ್ತಿತ್ತು: ನಾನೇ, ನಾನೇ ಕೊಂದೆ.

ಮೆಟ್ಟಿಲಿಳಿದು ರಸ್ತೆ ಸೇರುವಷ್ಟರಲ್ಲಿ ಅತ್ತೆಯ ಗಾಡಿ ಇಳಿಜಾರಿನ ತಲೆಯಲ್ಲಿ ಕಾಣಿಸಿತು. ಕೂಗಬೇಕೆಂದು ಬಾಯಿ ತೆರೆದಳು. ಬರೀ ಗಾಳಿ ಬಂತು. ಬೇರೇನೂ ತೋಚದೆ ರಸ್ತೆಯ ನಡುವೆ ಹೋಗಿ ಎರಡೂ ಕೈ ಚಾಚಿ ನಿಂತಳು.

ಅತ್ತೆ ಹಿಡಿಕೆ ಹಿಡಿದಳು. ಹಿಡಿಕೆ ಮಾತು ಕೇಳಿತು, ಚಕ್ರ ಕೇಳಲಿಲ್ಲ. ಹೆಲ್ಮೆಟ್ಟಿನೊಳಗೆ ಅತ್ತೆಯ ಕಣ್ಣು ಅಗಲವಾಗುವುದು ಕಂಡಿತು. ಸರಿಯಬೇಕು ಎಂದು ಇಲಿಮರಿಗೆ ಗೊತ್ತಿತ್ತು, ಕಾಲು ಮಾತ್ರ ನೆಲಕ್ಕೆ ಹೊಲಿದ ಹಾಗಿತ್ತು. ಇನ್ನೇನು ಮೈಮೇಲೆ ಬಂತು ಎನ್ನುವಾಗ ಅತ್ತೆ ಹ್ಯಾಂಡಲ್ ತಿರುಗಿಸಿದಳು. ಗಾಡಿ ಕಲ್ಲಿನ ಗೋಡೆಗೆ ಕರಕರನೆ ಉಜ್ಜಿಕೊಂಡು ಹೋಗಿ, ಚರಂಡಿಯ ಅಂಚಿಗೆ ಬಡಿದು ಮಗುಚಿತು. ಗಂಟು ಒಡೆದು ಬಿಳಿ ಕೋಟುಗಳು ರಸ್ತೆಯುದ್ದಕ್ಕೂ ಮಲಗಿದವು.

ಇಲಿಮರಿ ಕೋಟುಗಳನ್ನು ದಾಟಿಕೊಂಡು ಗಾಡಿಯ ಕಡೆ ಓಡಿದಳು.

"ಏ, ನಿಂಗೇನಾದ್ರೂ ತಾಗ್ತಾ?" ಚರಂಡಿಯ ಕಡೆಯಿಂದ ಅತ್ತೆಯ ದನಿ.

ಇಲ್ಲವೆಂದು ತಲೆಯಾಡಿಸಿದಳು. ಅತ್ತೆಯ ಬಟ್ಟೆಯ ತೋಳು ಹರಿದು ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಚಕ್ರದಿಂದ ತೊಟ್ಟಿಕ್ಕುವ ಎಣ್ಣೆಯನ್ನು ಅತ್ತೆ ಬೆರಳಲ್ಲಿ ಮುಟ್ಟಿ ಮೂಸಿದಳು.

"ಎಷ್ಟು ಹಾಕಿದ್ದೇ ಇದಕ್ಕೆ?"

"ಅರ್ಧ ಬಾಟ್ಲಿ."

"ಅರ್ಧ ಬಾಟ್ಲಿ! ನಮ್ಮ ಎರಡು ಮೆಷಿನ್ನೂ ಸೇರಿ ವರ್ಷಕ್ಕೆ ಅಷ್ಟು ಕುಡಿಯಲ್ವಲ್ಲೇ! ಅದಿರ್ಲಿ, ಬ್ರೇಕಿಲ್ಲ ಅಂತ ಗೊತ್ತಿದ್ದೂ ಅಡ್ಡ ಬಂದು ನಿಂತ್ಯಲ್ಲ, ನೀನೇನು ಗೋಡೆನಾ?"

"ಕೂಗೋಕೆ ಬಾಯೇ ಬರ್ಲಿಲ್ಲ ಅತ್ತೆ."

ಅತ್ತೆ ನಗಲು ನೋಡಿದಳು, ಆಗಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಹೋದ ಕೈ ಮೂರು ಸಲ ಜಾರಿತು. ಸೂಜಿಯ ಕಣ್ಣಿಗೆ ನೋಡದೆಯೇ ದಾರ ಪೋಣಿಸುವ ಕೈ ಅದು. ಅತ್ತೆಗೂ ಭಯವಾಗುತ್ತದೆ ಎಂದು ಇಲಿಮರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಪಟ್ಟಿಯನ್ನು ಅವಳೇ ಬಿಚ್ಚಿದಳು. ಇಬ್ಬರೂ ಕೋಟುಗಳನ್ನು ಆರಿಸಿ, ಗಾಡಿಯನ್ನು ಮನೆಗೆ ತಳ್ಳಿಕೊಂಡು ಬಂದರು. ಅತ್ತೆ ಕೀಲಿಯನ್ನು ಅವಳ ಕೈಗಿಟ್ಟು, "ರಿಪೇರಿ ಆಗೋವರೆಗೂ ನಾನು ಅತ್ತು ಕೇಳಿದ್ರೂ ಕೊಡ್ಬೇಡ," ಎಂದಳು.

ನಾಳೆ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಇಲಿಮರಿ ಗಾಡಿಯನ್ನು ಒಬ್ಬಳೇ ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗುತ್ತಾಳೆ. ಬ್ರೇಕಿನ ಪಟ್ಟಿಗಳನ್ನು ಬದಲಿಸಿ ಮುಗಿಯುವವರೆಗೂ ಅಲ್ಲೇ ನಿಂತಿರುತ್ತಾಳೆ.